ಒಣಗಿದ ಪಾಲು

ನಮ್ಮೂರಲ್ಲಿ ಗಂಡ ಹೆಂಡತಿ ಜಗಳವಾಡಿದರೆ, ಮಾರನೆಯ ದಿನ ಊರು ಏಳುವ ಮುಂಚೆ ಯಾರಾದರೊಬ್ಬರು ಕಟ್ಟೆಗೆ ಹೋಗಿ ಮಣ್ಣು ಮೆತ್ತಿ ಬರಬೇಕು. ಕಟ್ಟೆಯೆಂದರೆ ದೊಡ್ಡದೇನಲ್ಲ. ಎರಡು ಬೋಳು ಗುಡ್ಡಗಳ ನಡುವೆ ಎತ್ತರಿಸಿದ ಮಣ್ಣಿನ ಏರಿ, ನೀರಿನ ಕಡೆಯ ಮೈಗೆ ಹಾಸಿದ ಕಲ್ಲು, ನಡುವೆ ಒಂದು ತೂಬು, ತುದಿಯಲ್ಲಿ ಹೆಚ್ಚಾದ ನೀರು ಹರಿದುಹೋಗುವ ಕೋಡಿ. ಅದರ ಕೆಳಗೆ ಗದ್ದೆ, ಗದ್ದೆಯ ಅಂಚಿಗೆ ನಮ್ಮ ಕೆಳಗೇರಿ. ಏರಿಯಲ್ಲಿ ಒಂದೊಂದು ಮನೆಗೂ ಒಂದೊಂದು ಪಾಲು. ಮನೆಯೊಳಗೆ ಆದದ್ದು ಪಾಲಿನ ಮೇಲೆ ಕಾಣುತ್ತದೆ. ಮಾತು ಬೆಳೆದರೆ ಬಿರುಕು. ಅಣ್ಣ ತಮ್ಮ ಬೇರೆಯಾಗುವ ಯೋಚನೆ ಮಾಡಿದರೆ ಉದ್ದಕ್ಕೆ ಸೀಳು. ಹೆರಿಗೆಯಾದರೆ ಗರಿಕೆ. ಹೆಣ್ಣು ನೋಡಲು ಬಂದವರು ಮನೆಗೆ ಬರುವ ಮುಂಚೆ ಏರಿಯ ಮೇಲೆ ಒಂದು ಸುತ್ತು ಹಾಕಿ ಬರುತ್ತಾರೆ. ಹೆಣ್ಣಿನ ಕಡೆಯವರು ಹಿಂದಿನ ದಿನವೇ ಹೋಗಿ ಪಾಲನ್ನು ಸಾರಿಸಿ ಬಂದಿರುತ್ತಾರೆ. ಇದರಲ್ಲಿ ಯಾರಿಗೂ ನಾಚಿಕೆಯಿಲ್ಲ.

ನಾನು ಹೊರಗಿನವಳು. ವಿಶ್ವವಿದ್ಯಾಲಯದಲ್ಲಿ ನಾನೂ ಓಬಳೇಶನೂ ಓದಿದ್ದು ಮಣ್ಣನ್ನು. ಅಲ್ಲಿ ಮಣ್ಣನ್ನು ಜರಡಿ ಹಿಡಿದು, ಒಣಗಿಸಿ, ತೂಗಿದರೆ ಮುಗಿಯಿತು. ಮದುವೆಯಾಗಿ ಇಲ್ಲಿಗೆ ಬಂದ ಹೊಸತರಲ್ಲಿ ಯಾವುದೋ ಸಣ್ಣ ಮಾತಿಗೆ ಮುನಿಸಿಕೊಂಡೆವು. ಬೆಳಿಗ್ಗೆ ಅವನು ಮಂಕರಿ ಹಿಡಿದು, ನನ್ನನ್ನೂ ಎಬ್ಬಿಸಿಕೊಂಡು ಏರಿಗೆ ಹೋದ. ಪಕ್ಕದ ಪಾಲಿನಲ್ಲಿ ನೆರೆಮನೆಯ ಪುಟ್ಟತಾಯಮ್ಮನೂ ಅವರ ಗಂಡನೂ ಆಗಲೇ ಮಣ್ಣು ಮೆತ್ತುತ್ತಿದ್ದರು. "ಹುಲ್ಲು ಕುಯ್ಯಾಣ ಅಂತ ಬಂದೋ ಕಣಪ್ಪ" ಎಂದರು ಪುಟ್ಟತಾಯಮ್ಮ. ಕೈಯಲ್ಲಿ ಕುಡುಗೋಲಿರಲಿಲ್ಲ. "ನಾವೂ ಅದಕ್ಕೇ ಬಂದಿದ್ದು ದೊಡ್ಡಮ್ಮ" ಎಂದ ಓಬಳೇಶ. ಅವನ ಕೈಯಲ್ಲೂ ಇರಲಿಲ್ಲ. ನಾಲ್ವರೂ ನಕ್ಕೆವು.

ಬಿರುಕು, ಸೀಳು ಎಲ್ಲ ಮೇಲಿನವು. ಜನ ಹೆದರುವುದು ಜಿನುಗಿಗೆ. ಪ್ರತಿ ಪಾಲಿನ ಬುಡದಲ್ಲಿ, ಊರಿನ ಕಡೆಗೆ, ನಡುವೆ ಗೀರು ಕೊರೆದ ಒಂದು ಕಲ್ಲಿದೆ. ಏರಿ ಕುಡಿದ ನೀರು ಅದರ ಮೇಲೆ ತೊಟ್ಟಿಕ್ಕುತ್ತದೆ. ಮನೆಯಲ್ಲಿ ನೆಮ್ಮದಿಯಿದ್ದರೆ ತೊಟ್ಟು, ಸಂಕಟವಿದ್ದರೆ ಧಾರೆ. ಸಾವಾದ ಮನೆಯ ಕಲ್ಲಿನಿಂದ ನೀರು ಹರಿದು ಕಾಲುವೆ ಸೇರುತ್ತದೆ. ಅದು ಇಳಿಯುವವರೆಗೂ ಅಕ್ಕಪಕ್ಕದವರು ಆ ಮನೆಗೆ ಊಟ ಕೊಟ್ಟು ಹೋಗುತ್ತಾರೆ. ಹೆಚ್ಚು ಜಿನುಗುವ ಪಾಲು ದುರ್ಬಲ, ಕಡಿಮೆ ಜಿನುಗುವ ಪಾಲು ಗಟ್ಟಿ. ಮಳೆಗಾಲದಲ್ಲಿ ಮರಳಿನ ಮೂಟೆ ಎಲ್ಲಿಗೆ ಹೊರಬೇಕು ಎನ್ನುವುದೂ ಇದೇ ಲೆಕ್ಕದ ಮೇಲೆ. ಇನ್ನೊಂದು ಕಟ್ಟಳೆಯಿದೆ. ಒಂದು ಮನೆಯ ಪಾಲಿಗೆ ಇನ್ನೊಂದು ಮನೆಯ ಗುದ್ದಲಿ ಬೀಳಬಾರದು. ಅಗೆಯಲೇಬೇಕಾದರೆ ಮೊದಲ ಪೆಟ್ಟು ಆ ಮನೆಯ ಹಿರಿಯರದೇ ಆಗಬೇಕು.

ಓಬಳೇಶ ಊಟಕ್ಕೆ ಕೂತವನು ತಟ್ಟೆಯ ಮುಂದೆ ಹಾಗೇ ವಾಲಿದ. ಅಷ್ಟೇ. ನಾನು ಎರಡನೆಯ ಸಲ ಸಾರು ಬಡಿಸಲು ಸೌಟು ಎತ್ತಿದ್ದೆ.

ಮಣ್ಣು ಮಾಡಿ ಬಂದವರು ಮನೆಗೆ ಹೋಗುವ ಮುಂಚೆ ಏರಿಯ ಕಡೆಗೆ ನಡೆದರು. ಅದು ರೂಢಿ. ನಮ್ಮ ಪಾಲು ತೂಬಿನ ಪಕ್ಕದ್ದು, ಕಟ್ಟೆಯಲ್ಲೇ ಆಳವಾದ ಜಾಗ. ಅದರ ಬುಡದ ಕಲ್ಲು ಒಣಗಿತ್ತು. ಧಾರೆ ಇರಲಿ, ಮಾಮೂಲಿನ ತೊಟ್ಟೂ ನಿಂತುಹೋಗಿತ್ತು. ಇಂಥದ್ದನ್ನು ಯಾರೂ ನೋಡಿರಲಿಲ್ಲ. ಮರುದಿನವೂ ಒಣಗಿತ್ತು. ಆಮೇಲೂ ಒಣಗಿತ್ತು.

"ಸೊಸೆ ಕಣ್ಣಾಗೆ ಒಂದು ಹನಿ ಇಲ್ಲ, ಕಲ್ಲಾಗೆ ಎಲ್ಲಿಂದ ಬಂದಾತು?" ಎಂದು ಪುಟ್ಟತಾಯಮ್ಮ ನಲ್ಲಿಯ ಹತ್ತಿರ ಹೇಳಿದರು. ನನಗೆ ಕೇಳಲಿ ಎಂದೇ ಹೇಳಿದರು. ನಾನು ಅತ್ತಿರಲಿಲ್ಲ. ಅದು ನಿಜ. ಬೇಕೆಂದು ಅಲ್ಲ. ದಿನ ಕಳೆದಂತೆ ಮಾತು ಬೆಳೆಯಿತು. ಇವಳು ಇದ್ದರೆ ಏರಿಗೆ ಕೇಡು, ತವರಿಗೆ ಕಳಿಸುವುದು ವಾಸಿ ಎಂಬಲ್ಲಿಗೆ ಬಂದು ನಿಂತಿತು. ಆಗ ನನ್ನ ಅತ್ತೆ ಸಣ್ಣೀರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಏರಿಯ ಮೇಲೆ ಹೋಗಿ ನಿಂತರು.

"ಯಾರ್ರೋ ಅದು ನನ್ನ ಸೊಸೆ ಮ್ಯಾಲೆ ಮಾತಾಡಿದ್ದು? ಕಣ್ಣು ಬಿಟ್ಟು ನೋಡ್ರಿ. ನನ್ ಮಗ ಅವ್ನೆ ಇಲ್ಲಿ. ಬೆನ್ನು ಕೊಟ್ಟು ನೀರು ತಡ್ಕಂಡವ್ನೆ. ಅದಕ್ಕೇ ತೊಟ್ಟು ನಿಂತೈತೆ. ನಿಮ್ ಮನೆ ಗಂಡಸ್ರು ಯಾರಾನ ಸತ್ತ ಮೇಲೆ ಕಟ್ಟೆಗೆ ಆಗ್ಯವ್ರೇನ್ರೋ?"

ಮುಂದಿನ ವಾರ ನೋಡಿದರೆ ಒಣಗಿದ ಕಲ್ಲಿಗೆ ಅರಿಸಿನ ಕುಂಕುಮ ಹಚ್ಚಿದ್ದರು. ಗದ್ದೆಗೆ ಹೋಗುವವರು ಅಲ್ಲಿ ಚಪ್ಪಲಿ ಬಿಟ್ಟು ಮುಂದೆ ಹೋಗತೊಡಗಿದರು. ಪುಟ್ಟತಾಯಮ್ಮ ಒಂದು ತೆಂಗಿನಕಾಯಿ ಒಡೆದು ಅರ್ಧ ಹೋಳು ನಮ್ಮ ಮನೆಗೆ ತಂದು ಕೊಟ್ಟರು. ನನ್ನ ಮುಖ ನೋಡಲಿಲ್ಲ. ಅಂದಿನಿಂದ ನಮ್ಮ ಪಾಲು ಊರಿಗೆಲ್ಲ ಗಟ್ಟಿ ಪಾಲು.

ನನಗೆ ಭಯ ಶುರುವಾದದ್ದು ಆಗ. ಅದಕ್ಕೆ ಮುಂಚೆ ನನಗೆ ಏನೂ ಆಗುತ್ತಿರಲಿಲ್ಲ. ಹಸಿವೆಯೂ ಇಲ್ಲ, ಚಳಿಯೂ ಇಲ್ಲ. ಭಯ ಮಾತ್ರ ಬಂತು. ಮಣ್ಣಿನ ಏರಿ ನೀರು ಕುಡಿದೇ ಕುಡಿಯುತ್ತದೆ. ಕುಡಿದದ್ದನ್ನು ಬುಡದಿಂದ ಬಿಡಬೇಕು. ಬಿಡುವುದು ನಿಂತರೆ ಒಳಗೆ ನೀರಿಲ್ಲ ಎಂದಲ್ಲ, ಅಲ್ಲೇ ನಿಂತು ಮೇಲೇರುತ್ತಿದೆ ಎಂದು. ಇದು ನನಗೆ ಪುಸ್ತಕದಿಂದ ಗೊತ್ತು. ಬೇಸಿಗೆಯಲ್ಲಿ ಊರಿನ ಕಡೆಯ ಇಳಿಜಾರಿನ ಹುಲ್ಲೆಲ್ಲ ಸುಟ್ಟು ಹೋದಾಗ, ನಮ್ಮ ಪಾಲಿನಲ್ಲಿ ಸೊಂಟದೆತ್ತರಕ್ಕೆ ಒಂದು ಪಟ್ಟಿ ಹುಲ್ಲು ಹಸಿರಾಗೇ ಇತ್ತು. ಮೇಯಲು ಬಂದ ಮೇಕೆಗಳು ಅದರ ಹತ್ತಿರ ಹೋಗಿ, ಕಾಲಿಟ್ಟು, ಕಾಲು ಹಿಂದಕ್ಕೆ ತೆಗೆದುಕೊಂಡವು. ನಾನು ಅಂಗೈ ಇಟ್ಟು ನೋಡಿದೆ. ಬಿಸಿಲಿನಲ್ಲೂ ತಣ್ಣಗಿತ್ತು.

ಮಳೆ ಬಂತು. ಆ ವರ್ಷ ಅದಕ್ಕೆ ಬಿಡುವೇ ಇರಲಿಲ್ಲ. ಗುಡ್ಡದ ನೀರೆಲ್ಲ ಕಟ್ಟೆಗೆ ಇಳಿಯಿತು. ನೀರು ಕೋಡಿಯ ಹತ್ತಿರ ಬಂತು. ಎಲ್ಲ ಪಾಲುಗಳೂ ಜಿನುಗತೊಡಗಿದವು. ಮನೆಗೊಬ್ಬರಂತೆ ಜನ ಮೂಟೆ ಹೊತ್ತರು. ನಮ್ಮ ಪಾಲಿನ ಮೇಲೆ ಕೂಡಿಟ್ಟಿದ್ದ ಕಲ್ಲನ್ನೂ ಎತ್ತಿ ಬೇರೆ ಕಡೆಗೆ ಒಯ್ದರು. ನಾನು ನೀರುಗಂಟಿ ಗೂಳಯ್ಯನ ಹತ್ತಿರ ಹೋದೆ. ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಯಾವಾಗ ನೀರು ಎಂದು ಹೇಳುವುದು, ಎಲ್ಲ ಅವನ ಕೆಲಸ. ಗೋಣಿಯನ್ನು ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು ತೂಬಿನ ಕಟ್ಟೆಯ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದ.

"ಗೂಳಯ್ಯ, ಇಲ್ಲಿಗೂ ಮೂಟೆ ಹಾಕಿಸು. ಆಗದಿದ್ದರೆ ತೂಬೆತ್ತು. ಈ ಪಾಲು ನಿಲ್ಲೋದಿಲ್ಲ."

"ನಿಮ್ ಪಾಲಿಗ್ಯಾಕವ್ವ ಮೂಟೆ? ಓಬಳೇಶಪ್ಪ ಅಲ್ಲೇ ಅವ್ನಲ್ಲ."

"ನೀನು ನಂಬ್ತೀಯಾ?"

ಅವನು ಬೀಡಿ ಹಚ್ಚಲು ನೋಡಿದ. ಕಡ್ಡಿ ಒದ್ದೆಯಾಗಿತ್ತು.

"ತೂಬೆತ್ತಿದ್ರೆ ನಾಟಿ ಮಾಡಿರೋ ಪೈರೆಲ್ಲ ಕೊಚ್ಕಂಡು ಹೋಗ್ತದೆ. ಊರೋರು ನನ್ನ ಚರ್ಮ ಸುಲೀತಾರೆ. ಕಲ್ಲು ಒಣಗಿರೋ ಪಾಲು ಒಡೀತದೆ ಅಂದ್ರೆ ಯಾರು ನಂಬ್ತಾರೆ ಯೋಳು."

"ನೀನು ನಂಬ್ತೀಯಾ ಅಂತ ಕೇಳಿದ್ದು."

ಗೂಳಯ್ಯ ತಗ್ಗಿದ ದನಿಯಲ್ಲಿ ಹೇಳಿದ. "ನಾನು ಈಗ ನಿಮ್ ಪಾಲಿನ ಮ್ಯಾಲೆ ನಡೆಯಾಕಿಲ್ಲ ಕಣವ್ವ. ಕೆಳಗಿಳಿದು ಸುತ್ಕಂಡು ಬತ್ತೀನಿ. ಕಾಲಿಗೆ ಬ್ಯಾರೆ ಥರ ಸಿಕ್ತದೆ. ಕೆಳಗಡೆ ಮಣ್ಣೇ ಇಲ್ವೇನೋ ಅನ್ನಂಗೆ." ಆಮೇಲೆ ಎದ್ದು ನಿಂತ. "ಸಣ್ಣೀರಕ್ಕ ಗುದ್ಲಿ ಹಾಕ್ಲಿ. ಕಲ್ಲಿನ ಹಿಂದೆ ಏನೈತೆ ನೋಡಾಣ. ಅವಕ್ಕ ಹಾಕಿದ್ರೆ ನಾನು ತೂಬೆತ್ತಕ್ಕೆ ಸಿದ್ಧ."

ಅತ್ತೆ ಒಲೆಯ ಮುಂದೆ ಮುದ್ದೆ ತೊಳಸುತ್ತಿದ್ದರು. ನಾನು ಹೇಳಿದ್ದನ್ನು ಪೂರ್ತಿ ಕೇಳಿದರು. ಕೋಲು ನಿಲ್ಲಿಸಲಿಲ್ಲ.

"ಆಗಲ್ಲ" ಎಂದರು.

"ಅತ್ತೆ, ಒಡೆದರೆ ಮೊದಲು ಹೋಗೋದು ನಮ್ಮ ಕೇರಿ. ಮಕ್ಕಳು ಮರಿ ಎಲ್ಲ ಇರೋದು ಇಲ್ಲೇ."

"ಅವ್ನ ಒಂದ್ಸಲ ಮಣ್ಣಿಗೆ ಹಾಕಿದೀನಿ. ಈಗ ಗುದ್ಲಿ ತಗಂಡು ಕೆದಕು ಅಂತೀಯಲ್ಲೇ ಹೇಮ."

"ಅಲ್ಲಿ ಅವರಿಲ್ಲ ಅತ್ತೆ. ನೀರಿದೆ."

ಅವರು ಕೋಲನ್ನು ಪಾತ್ರೆಯ ಅಂಚಿಗೆ ಒರಗಿಸಿದರು. ಹೊರಗೆ ಮಳೆ ಹೆಂಚಿನ ಮೇಲೆ ಒಂದೇ ಸಮನೆ ಬಡಿಯುತ್ತಿತ್ತು.

"ನಂಗೊತ್ತಿಲ್ವಾ" ಎಂದರು. "ಜನ ನಿನ್ನ ಮ್ಯಾಲೆ ಬಿದ್ದಿದ್ರು. ಕಳಿಸ್ಬಿಡ್ತಿದ್ರು ನಿನ್ನ. ಅದಕ್ಕೇ ಬಾಯಿಗೆ ಬಂದಿದ್ದು ಅಂದ್ಬಿಟ್ಟೆ. ಅಂದ ಮ್ಯಾಲೆ ದಿನಾ ಹೋಗಿ ನೋಡ್ದೆ. ಕಲ್ಲು ಒಣಗೇ ಇತ್ತು. ಒಂದಿನ, ಎರಡು ದಿನ. ಆಮ್ಯಾಕೆ ನಂಗೇ ಹಂಗೆ ಅನ್ನಿಸಕ್ಕೆ ಶುರುವಾತು. ಅವ್ನು ಅಲ್ಲೇ ಅವ್ನೆ ಅಂತ. ಸಾಯಂಕಾಲ ಹೋಗಿ ನಾಕು ಮಾತಾಡಿ ಬತ್ತೀನಿ. ನಿಂಗೆ ಯೋಳಿಲ್ಲ."

ನನ್ನನ್ನು ಉಳಿಸಲು ಆಡಿದ ಒಂದು ಮಾತಿನ ಮೇಲೆ ಊರು ನಿಶ್ಚಿಂತೆಯಿಂದ ಕೂತಿತ್ತು. ನಾನು ಅವರ ಮೊಣಕೈ ಹಿಡಿದು ಎಬ್ಬಿಸಿದೆ. "ಒಂದು ಸಲ ಬಂದು ಮುಟ್ಟಿ ನೋಡಿ. ಆಮೇಲೆ ನೀವು ಹೇಳಿದ ಹಾಗೆ." ಅವರು ಒಲೆಯ ಕೊಳ್ಳಿ ಹೊರಗೆಳೆದು, ನೀರು ಚಿಮುಕಿಸಿ, ಗುದ್ದಲಿ ತೆಗೆದುಕೊಂಡರು. ಹಾಕುವುದಕ್ಕಲ್ಲ, ಊರಿಕೊಂಡು ನಡೆಯುವುದಕ್ಕೆ ಎಂದು ಹೇಳಿದರು.

ಏರಿಯ ಇಳಿಜಾರಿನಲ್ಲಿ ಆ ಹಸಿರು ಪಟ್ಟಿ ಈಗ ಎದೆಯ ಮಟ್ಟಕ್ಕೆ ಏರಿತ್ತು. ನಾನು ಅತ್ತೆಯ ಅಂಗೈಯನ್ನು ಅದರ ಮೇಲೆ ಇಟ್ಟು ಒತ್ತಿದೆ. ಇಡೀ ಮಣ್ಣು ಗಟ್ಟಿ ಮೊಸರಿನ ಹಾಗೆ ಅಲುಗಿತು. ಒತ್ತಿದ ಕಡೆ ಒಳಗೆ ಹೋಯಿತು, ಒಂದು ಮೊಳ ಆಚೆಗೆ ಉಬ್ಬಿತು. ಅತ್ತೆ ಕೈ ತೆಗೆದುಕೊಳ್ಳಲಿಲ್ಲ. ಜ್ವರ ಬಂದ ಮಗುವಿನ ಹಣೆಯ ಮೇಲೆ ಇಟ್ಟ ಹಾಗೆ ಇಟ್ಟುಕೊಂಡೇ ನಿಂತರು. ಮೂಟೆ ಹೊರುತ್ತಿದ್ದವರು ಒಬ್ಬೊಬ್ಬರಾಗಿ ನಿಂತು ನೋಡತೊಡಗಿದರು. "ಸಣ್ಣೀರಿ, ಮಗನ ಮೈ ಮ್ಯಾಲೆ ಗುದ್ಲಿ ಹಾಕ್ತೀಯೇನೇ?" ಎಂದು ಪುಟ್ಟತಾಯಮ್ಮ ಮೇಲಿನಿಂದ ಕೂಗಿದರು. ಅವರ ದನಿಯಲ್ಲಿ ಈ ಸಲ ಕೊಂಕಿರಲಿಲ್ಲ. ಹೆದರಿಕೆಯಿತ್ತು.

ಅತ್ತೆ ಇಳಿದು ಬುಡದ ಕಲ್ಲಿನ ಮುಂದೆ ನಿಂತರು. ಅರಿಸಿನ ಕುಂಕುಮವನ್ನು ಮಳೆ ತೊಳೆದಿತ್ತು.

"ಏಳಪ್ಪ" ಎಂದರು. "ಆತು. ಸಾಕು, ಏಳು."

ಗುದ್ದಲಿ ಬಿತ್ತು. ಎರಡನೆಯ ಪೆಟ್ಟಿಗೆ ಕಲ್ಲು ಸಡಿಲಾಯಿತು. ನಾನು ಹಾರೆ ಕೊಟ್ಟು ಮೀಟಿದೆ. ಮೊದಲು ಏನೂ ಬರಲಿಲ್ಲ. ಒಳಗಿನಿಂದ ಯಾರೋ ಉಸಿರು ಬಿಟ್ಟ ಹಾಗೆ ಗಾಳಿ ಬಂತು. ಹಿಂದೆಯೇ ನೀರು. ತಿಳಿಯಾಗಿ ಬಂದರೆ ಬದುಕಿದೆವು ಎಂದುಕೊಂಡಿದ್ದೆ. ಏರಿಯೊಳಗಿನ ಮಣ್ಣನ್ನು ನೀರು ತಿನ್ನುತ್ತಿಲ್ಲ ಎಂದು ಅರ್ಥ. ಬಂದದ್ದು ಕೆಂಪಗೆ, ರಾಗಿ ಅಂಬಲಿಯಷ್ಟು ಮಂದವಾಗಿ ಬಂತು.

"ಗೂಳಯ್ಯ, ತೂಬೆತ್ತು!" ಎಂದು ಕೂಗಿದೆ. ಅಷ್ಟು ದೊಡ್ಡ ದನಿ ನನ್ನಲ್ಲಿದೆ ಎಂದು ಗೊತ್ತಿರಲಿಲ್ಲ. ಜನ ಮಿಸುಕಲಿಲ್ಲ. ನನ್ನ ಮಾತಿಗೆ ಮಿಸುಕುವವರೂ ಅಲ್ಲ. ಅತ್ತೆ ಬೊಗಸೆಯಲ್ಲಿ ಆ ನೀರು ಹಿಡಿದು, ಏರಿಯ ಮೇಲಿದ್ದವರಿಗೆ ಎತ್ತಿ ತೋರಿಸಿದರು. "ನನ್ ಮಗ ಇಲ್ಲ ಇಲ್ಲಿ. ನಾನೇ ಸುಳ್ಳು ಯೋಳಿದ್ದು. ನೋಡ್ತಾ ನಿಂತಿದೀರಲ್ರೋ, ಹೋಗಿ ಮಕ್ಕಳ್ನ ಎತ್ಕಳ್ರಿ!"

ಆಗ ಓಡಿದರು.

ಕೆಳಗೇರಿಯವರೆಲ್ಲ ಗುಡ್ಡದ ಬಂಡೆಯ ಮೇಲೆ ಕೂತೆವು. ಮೇಕೆ, ಕೋಳಿ, ಬಾಣಂತಿ, ಹಾಸಿಗೆ ಸುತ್ತಿದ ಮುದುಕರು, ಒಲೆಯ ಮೇಲಿನಿಂದ ಹಾಗೇ ಎತ್ತಿ ತಂದ ಪಾತ್ರೆಗಳು. ಕೆಳಗೆ ತೂಬಿನಿಂದ ನೀರು ಭೋರೆಂದು ಹೋಗುತ್ತಿತ್ತು. ಪೈರೆಲ್ಲ ಮಲಗಿ, ಬೇರು ಕಿತ್ತು, ತೇಲಿ ಹೋಯಿತು. ನಮ್ಮ ಪಾಲಿನ ಮೇಲ್ಭಾಗ ಎಲ್ಲರ ಕಣ್ಣೆದುರೇ ಒಂದಾಳು ಉದ್ದಕ್ಕೆ ಕುಸಿಯಿತು. ಯಾರೋ ಅಯ್ಯೋ ಎಂದರು. ಮಗುವೊಂದು ಅಳಲು ಶುರು ಮಾಡಿದರೆ ತಾಯಿ ಅದರ ಬಾಯಿ ಮುಚ್ಚಿದಳು. ಸದ್ದಿಗೇ ಏರಿ ಒಡೆದುಬಿಡುತ್ತದೆ ಎನ್ನುವ ಹಾಗೆ ಎಲ್ಲರೂ ಉಸಿರು ಬಿಗಿಹಿಡಿದು ಅದನ್ನೇ ನೋಡುತ್ತಿದ್ದೆವು. ಕತ್ತಲಾದ ಮೇಲೆ ನೋಡಲೂ ಆಗಲಿಲ್ಲ. ಕೇಳುತ್ತ ಕೂತೆವು.

ಏರಿ ಒಡೆಯಲಿಲ್ಲ. ಕಟ್ಟೆ ಬರಿದಾಯಿತು.

ಒಡೆಯದಿದ್ದದ್ದೇ ತಪ್ಪಾಯಿತು. ಇಳಿದು ಮನೆ ಸೇರಿದ ಜನರಿಗೆ ಕಂಡದ್ದು ಕೆಸರಾದ ಗದ್ದೆ, ಬರಿದಾದ ಕಟ್ಟೆ. "ನಿಂತಿದ್ದ ಏರಿನ ನಂಬ್ದೆ, ಕಲಿತೋಳ ಮಾತು ನಂಬಿ ಅನ್ನ ಕಳ್ಕಂಡೋ" ಎಂದರು. ಗೂಳಯ್ಯನ ಮನೆಗೆ ಹೋಗಿ ಬೈದು ಬಂದರು. ನಾನು ಎದುರು ಬಂದರೆ ದಾರಿ ಬಿಟ್ಟು ನಿಂತರು. ಒಡೆಯುತ್ತಿತ್ತು ಎಂದು ತೋರಿಸುವುದು ಹೇಗೆ? ಅತ್ತೆ ಮಾತ್ರ, "ಬುಡ ಬಗೆದು ನೋಡಿದ್ರೆ ತಿಳೀತದೆ" ಎಂದರು.

ಕೆಸರು ಆರಿದ ಮೇಲೆ ಬಗೆದೆವು. ನೀರಿನ ಕಡೆಯಿಂದ, ಹಾಸಿದ ಕಲ್ಲನ್ನು ಗೂಳಯ್ಯನೂ ನಾನೂ ಒಂದೊಂದಾಗಿ ಎಬ್ಬಿಸಿದೆವು. ಮೊದಲ ಕಲ್ಲನ್ನು ಅತ್ತೆ ಎಬ್ಬಿಸಿಕೊಟ್ಟಿದ್ದರು. ಊರವರು ಏರಿಯ ಮೇಲೆ ಸಾಲಾಗಿ ನಿಂತಿದ್ದರು. ಒಂದು ದೊಡ್ಡ ಚಪ್ಪಡಿ ಉರುಳಿತು. ಅದರ ಹಿಂದೆ ಮಣ್ಣಿರಲಿಲ್ಲ. ಗೂಡಿತ್ತು. ಏರಿಯ ಹೊಟ್ಟೆಯೊಳಗೆ, ಒಬ್ಬ ಮನುಷ್ಯ ಮೊಣಕಾಲು ಮಡಿಸಿ ಕೂರುವಷ್ಟು ಜಾಗ. ಹಿಂದಿನ ಗೋಡೆ ನುಣ್ಣಗೆ, ಬೆನ್ನು ಒರಗಿಸಿದ ಹಾಗೆ ಸವೆದಿತ್ತು.

ಪುಟ್ಟತಾಯಮ್ಮ ಮುಖ ಮುಚ್ಚಿಕೊಂಡರು. ಅತ್ತೆ ಬಗ್ಗಿ ಒಳಗೆ ನೋಡಿದರು. "ಇಷ್ಟೇ ಜಾಗ" ಎಂದರು.

ಗೂಡನ್ನು ಜೇಡಿಮಣ್ಣಿನಿಂದ ತುಂಬಬೇಕಿತ್ತು. ಹೊರಗಿನಿಂದ ತುರುಕಿದರೆ ಮೂಲೆಯಲ್ಲಿ ಪೊಳ್ಳು ಉಳಿಯುತ್ತದೆ, ಮುಂದಿನ ಮಳೆಗೆ ನೀರು ಅಲ್ಲಿಂದಲೇ ಶುರು ಮಾಡುತ್ತದೆ. ಒಬ್ಬರು ಒಳಗೆ ಕೂತು ಗುದ್ದಬೇಕು. ನಮ್ಮ ಮನೆಯವರೇ ಆಗಬೇಕು. ಅತ್ತೆಯ ಮೊಣಕಾಲು ಮಡಿಸುವುದಿಲ್ಲ. ನಾನು ಹೋದೆ.

ತಲೆ ಬಗ್ಗಿಸಿ, ತಿರುಗಿ, ಕೂತೆ. ಬೆನ್ನು ಸರಿಯಾಗಿ ಒರಗಿತು. ಹೊರಗೆ ಬಿಸಿಲಿತ್ತು, ಜನರಿದ್ದರು. ಒಳಗೆ ಅದೇನೂ ಬರುತ್ತಿರಲಿಲ್ಲ. ನೀರಿನ ಅಡಿಯಲ್ಲಿ ಇಷ್ಟು ದಿನ ಇದ್ದ ಜಾಗ ಎಳ್ಳಷ್ಟೂ ಒದ್ದೆಯಾಗಿರಲಿಲ್ಲ. ಓಬಳೇಶ ಹೋದ ಮೇಲೆ ಮನೆಯಲ್ಲಿ ಎಲ್ಲಿ ಕೂತರೂ ಕೂತ ಹಾಗಿರುತ್ತಿರಲಿಲ್ಲ. ಇಲ್ಲಿ ಕೂತ ಹಾಗಿತ್ತು. ಗೂಳಯ್ಯ ಮಣ್ಣಿನ ಉಂಡೆ ಚಾಚಿದ. ನಾನು ಕೈ ಚಾಚಲಿಲ್ಲ. "ಅವ್ವ, ತಗಾ" ಎಂದ. ಕೇಳಿಸಿತು. "ಏನಮ್ಮ, ಅಲ್ಲೇ ಸಂಸಾರ ಹೂಡಿದ್ಯಾ?" ಎಂದು ಪುಟ್ಟತಾಯಮ್ಮ ನಗಲು ನೋಡಿದರು. ನಗು ಅರ್ಧಕ್ಕೇ ನಿಂತಿತು. "ಸಣ್ಣೀರಿ, ನಿನ್ನ ಸೊಸೆ ಕಣ್ಣು ಮಿಟುಕಿಸ್ತಿಲ್ಲ ಕಣೇ" ಎಂದರು. ಅದೂ ಕೇಳಿಸಿತು. ಉತ್ತರ ಕೊಡಬೇಕು ಎಂದು ಅನ್ನಿಸಲಿಲ್ಲ. ತಲೆಯ ಮೇಲಿನಿಂದ ಸಣ್ಣಗೆ ಮಣ್ಣು ಉದುರಿತು. ಮೇಲೆ ಕುಸಿದ ಏರಿ ಕೂತುಕೊಳ್ಳುತ್ತಿದೆ ಎಂದು ನನಗೆ ಗೊತ್ತು. ಚಪ್ಪಡಿಯಿಲ್ಲದ ಬಾಯಿ ಎಷ್ಟು ಹೊತ್ತು ತಾಳೀತು ಎಂಬುದೂ ಗೊತ್ತು. ನನಗೆ ಭಯವಾಗಲಿಲ್ಲ. ಭಯವಾಗಲಿಲ್ಲವಲ್ಲ ಎಂಬುದು ಎಲ್ಲೋ ದೂರದಲ್ಲಿ ತಿಳಿಯಿತು, ಪಕ್ಕದ ಮನೆಯಲ್ಲಿ ಯಾರೋ ಮಾತಾಡಿದ ಹಾಗೆ.

ಬಾಯಿಯ ಬೆಳಕು ಮುಚ್ಚಿತು. ಅತ್ತೆ ಹೊಟ್ಟೆಯ ಮೇಲೆ ಮಲಗಿ, ತಲೆಯನ್ನೂ ಒಂದು ತೋಳನ್ನೂ ಒಳಗೆ ತೂರಿಸಿದ್ದರು. ಕೈಯಲ್ಲಿ ಹದವಾಗಿ ತುಳಿದ ಮಣ್ಣಿನ ಉಂಡೆ. ಬಾ ಎನ್ನುತ್ತಾರೆ ಎಂದುಕೊಂಡೆ.

"ಬೆನ್ನ ಹಿಂದೆ ಮೊದ್ಲು ತುಂಬು" ಎಂದರು.

ನಾನು ಸುಮ್ಮನೆ ನೋಡಿದೆ.

"ಹೇಮ. ಕೇಳಿಸ್ತೇನೇ? ಬೆನ್ನ ಹಿಂದೆ. ಅಲ್ಲಿ ಪೊಳ್ಳು ಉಳಿದ್ರೆ ಕೆಲಸ ಕೆಟ್ಟಂಗೆ."

ಕೆಲಸದ ಮಾತು. ಕೈ ಮುಂದೆ ಹೋಯಿತು. ಉಂಡೆ ತೆಗೆದುಕೊಂಡು ಬೆನ್ನಿನ ಹಿಂದೆ ಒತ್ತಿ, ಮುಷ್ಟಿಯಿಂದ ಗುದ್ದಿದೆ. ಒರಗಲು ಹೋದರೆ ಗೋಡೆ ಒಂದು ಗೇಣು ಮುಂದೆ ಬಂದಿತ್ತು. ಅತ್ತೆ ಇನ್ನೊಂದು ಉಂಡೆ ಕೊಟ್ಟರು. "ಎಡಕ್ಕೆ. ಮೂಲೆಗೆ." ಅವರ ಹಿಂದೆ ಗೂಳಯ್ಯ, ಅವನ ಹಿಂದೆ ಪುಟ್ಟತಾಯಮ್ಮ, ಉಂಡೆ ಕೈಯಿಂದ ಕೈಗೆ ಬರುತ್ತಿತ್ತು. ಕಟ್ಟಳೆಯನ್ನು ಯಾರೂ ನೆನಪಿಸಲಿಲ್ಲ. ನಾನು ಗುದ್ದಿದಷ್ಟೂ ಜಾಗ ಕಿರಿದಾಯಿತು. ಮಂಡಿ ಎದೆಗೆ ತಾಗಿತು. ಕಾಲು ಹೊರಗೆ ಚಾಚಿದೆ. ಅತ್ತೆ ಹಿಂದೆ ಸರಿದು ಜಾಗ ಬಿಟ್ಟರು, ಉಂಡೆ ಕೊಡುವುದು ನಿಲ್ಲಿಸಲಿಲ್ಲ. ಸೊಂಟ ಹೊರಗೆ ಬಂತು. ಬಿಸಿಲು ಕಣ್ಣಿಗೆ ಚುಚ್ಚಿತು. ಮುಷ್ಟಿಯ ಚರ್ಮ ಸುಲಿದಿತ್ತು, ಉರಿಯತೊಡಗಿತು. ಮೇಲಿನಿಂದ ಮತ್ತೆ ಮಣ್ಣು ಉದುರಿತು, ಈ ಸಲ ಎದೆ ಧಸಕ್ಕೆಂದಿತು.

"ಅತ್ತೆ, ಬೇಗ ಕೊಡಿ" ಎಂದೆ.

"ಕೊಡ್ತಾ ಇದೀನಲ್ಲೇ" ಎಂದರು. ಅವರ ಮುಖವೆಲ್ಲ ಮಣ್ಣಾಗಿತ್ತು. ಮಣ್ಣಿನಲ್ಲಿ ಎರಡು ಗೆರೆ ಒದ್ದೆಯಾಗಿದ್ದವು.

ಕೊನೆಗೆ ಅಲ್ಲಿ ಯಾರೂ ಕೂರುವಷ್ಟು ಜಾಗ ಉಳಿಯಲಿಲ್ಲ.